ರಾಜಕೀಯ ಬೇಡವೆಂಬ ರಾಜಕೀಯ

ರಾಮ ಆಳಿದರೇನು, ರಾವಣ ಆಳಿದರೇನು, ರಾಗಿ ಬೀಸುವುದು ತಪ್ಪೀತೇ ಎಂಬ ಗಾದೆ ನಮ್ಮ ಸೀಮೆಯಲ್ಲಿ ಬಹಳ ಹಳೆಯದು. ರಾಮಗಿರಿಯಿಂದ ಹಿರಿಯೂರಿನವರೆಗೆ, ಹೊಸದುರ್ಗದಿಂದ ದುರ್ಗದ ಪೇಟೆಯವರೆಗೆ ಯಾವ ಅಂಗಡಿಯ ಕಟ್ಟೆಯ ಮೇಲೆ ಕುಳಿತು ರಾಜಕೀಯದ ಮಾತೆತ್ತಿದರೂ, ನಾಲ್ಕು ಮಾತು ಮುಗಿಯುವುದರೊಳಗೆ ಯಾರಾದರೊಬ್ಬರು ಈ ಗಾದೆಯನ್ನು ತಂದು ಮುಂದಿಡುತ್ತಾರೆ. ಗಾದೆ ಕಟ್ಟಿದವರು ಸುಳ್ಳು ಹೇಳಲಿಲ್ಲ. ಅರಮನೆಯಲ್ಲಿ ಯಾರು ಕುಳಿತರೂ ಬೀಸುವ ಕಲ್ಲಿನ ಮುಂದೆ ಕುಳಿತವಳು ಬದಲಾಗಲಿಲ್ಲ ಎಂಬ ನೋವು ಅದರಲ್ಲಿದೆ. ಆದರೆ ನೋವಿನ ಮಾತನ್ನು ಉಪದೇಶದ ಮಾತನ್ನಾಗಿ ಮಾಡಿಕೊಂಡವರು ಬೇರೆ ಜನ. ಅವರು ರಾಗಿ ಬೀಸಿದವರಲ್ಲ, ಬೀಸಿದ ಹಿಟ್ಟನ್ನು ಅಳೆದುಕೊಂಡು ಹೋದವರು. “ನಿನಗೇಕಪ್ಪಾ ರಾಜಕೀಯ, ನಿನ್ನ ಪಾಡಿಗೆ ನೀನು ಬೀಸು” ಎಂದು ಹೇಳುವುದು ಅವರಿಗೆ ಅನುಕೂಲ.

ಈ ಉಪದೇಶ ಇಂದು ಎಲ್ಲ ಕಡೆಯಿಂದಲೂ ಕೇಳಿಬರುತ್ತಿದೆ. ಕಾರ್ಖಾನೆಯ ಯಜಮಾನರು “ಯೂನಿಯನ್ ಇರಲಿ, ರಾಜಕೀಯ ಬೇಡ” ಎನ್ನುತ್ತಾರೆ. ಹೋಟೆಲಿನ ಗೋಡೆಯ ಮೇಲೆ “ಇಲ್ಲಿ ರಾಜಕೀಯ ಮಾತನಾಡಬಾರದು” ಎಂಬ ಬೋರ್ಡು ತೂಗುತ್ತದೆ. ಅಧಿಕಾರದಲ್ಲಿ ಕುಳಿತ ಮಂತ್ರಿ ಮಹೋದಯರೇ “ಈ ವಿಷಯದಲ್ಲಿ ಯಾರೂ ರಾಜಕೀಯ ಮಾಡಬಾರದು” ಎಂದು ಅಪ್ಪಣೆ ಕೊಡಿಸುತ್ತಾರೆ. ರಾಜಕೀಯದಿಂದಲೇ ಮಂತ್ರಿಗಳಾದವರು ರಾಜಕೀಯ ಕೆಟ್ಟದ್ದೆಂದು ಹೇಳುತ್ತಿರುವಾಗ, ಗಿರಣಿಯ ಕೆಲಸಗಾರರೂ ಚಿಲ್ಲರೆ ಅಂಗಡಿಯವರೂ ಒಂದು ಗಳಿಗೆ ನಿಂತು ಕೇಳಲೇಬೇಕು: ರಾಜಕೀಯವೆಂದರೆ ಏನು? ಅದರ ಅರ್ಥವನ್ನು ನಿಗದಿ ಮಾಡುವವರು ಯಾರು?

ಪದದೊಳಗೆ ಕುಳಿತ ರಾಜ

ಮೊದಲು ಪದವನ್ನೇ ಬಿಡಿಸಿ ನೋಡೋಣ. ರಾಜಕೀಯ ಎಂದರೆ ರಾಜನಿಗೆ ಸೇರಿದ್ದು. ರಾಜಕಾರಣ, ರಾಜನೀತಿ, ರಾಜ್ಯಶಾಸ್ತ್ರ ಎಂಬ ಮಾತುಗಳೆಲ್ಲವೂ ರಾಜನನ್ನು ತಲೆಯ ಮೇಲೆ ಹೊತ್ತುಕೊಂಡೇ ಹುಟ್ಟಿವೆ. ಇಂಗ್ಲಿಷರು ಬಳಸುವ ಪಾಲಿಟಿಕ್ಸ್ ಎಂಬ ಪದದ ಬೇರಾದರೋ ಗ್ರೀಕರ ಪೊಲಿಸ್, ಅಂದರೆ ಊರು. ಅವರ ಪದದಲ್ಲಿ ಊರಿದೆ, ನಮ್ಮ ಪದದಲ್ಲಿ ಅರಸನಿದ್ದಾನೆ. ಅರಸನ ಕೆಲಸ ಅರಸನದು, ನಮ್ಮ ಕೆಲಸ ನಮ್ಮದು ಎಂದು ದೂರ ನಿಲ್ಲುವ ಅಭ್ಯಾಸ ಪದದಿಂದಲೇ ಬಂದಂತಿದೆ. ಗ್ರೀಕರನ್ನೂ ಹೊಗಳಿ ಅಟ್ಟಕ್ಕೇರಿಸಬೇಕಾಗಿಲ್ಲ. ಮನುಷ್ಯ ಸ್ವಭಾವದಿಂದಲೇ ಊರು ಕಟ್ಟಿ ಬಾಳುವ, ರಾಜಕೀಯದ ಪ್ರಾಣಿ ಎಂದು ಅರಿಸ್ಟಾಟಲ್ ವಿವರಿಸಿದ. ಆದರೆ ಅವನ ಊರಿನ ಸಭೆಯಲ್ಲಿ ಗುಲಾಮರಿಗೆ ಜಾಗವಿರಲಿಲ್ಲ, ಹೆಂಗಸರಿಗೂ ಜಾಗವಿರಲಿಲ್ಲ. ಊರಿನ ಬೆವರು ಹರಿಸುತ್ತಿದ್ದವರು ರಾಜಕೀಯದ ಹೊರಗೆ, ಬೆವರು ಕಾಣದವರು ಒಳಗೆ.

ನಮ್ಮ ಮೈಸೂರು ಸಂಸ್ಥಾನದ ಕಥೆಯೂ ಇದಕ್ಕಿಂತ ಬಹಳ ಬೇರೆಯಾಗಿರಲಿಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರಿನಲ್ಲಿ, ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿತು. ಹಿಂದೂಸ್ಥಾನಕ್ಕೇ ಮಾದರಿ ಎಂದು ಅದನ್ನು ಹಾಡಿ ಹೊಗಳಿದ್ದಾರೆ. ಹೊಗಳಲಿ, ತಪ್ಪಿಲ್ಲ. ಆದರೆ ಆ ಸಭೆಗೆ ಬಂದವರು ಯಾರು? ಕಂದಾಯ ಕಟ್ಟುವ ದೊಡ್ಡ ರೈತರು, ಹೆಸರುಳ್ಳ ವರ್ತಕರು. ಅವರು ಮಾಡಬಹುದಾಗಿದ್ದ ಕೆಲಸವಾದರೂ ಏನು? ದಿವಾನರ ವರದಿ ಕೇಳುವುದು, ಅಹವಾಲು ಹೇಳಿಕೊಳ್ಳುವುದು. ಹೆಂಗಸರಿಗೆ ಮತದ ಬಾಗಿಲು ತೆರೆಯಲು 1920ರ ದಶಕದವರೆಗೆ ಕಾಯಬೇಕಾಯಿತು. ಕೂಲಿಯವನಿಗೂ ಜೀತದವನಿಗೂ ಮತ ಬಂದದ್ದು ರಾಜ್ಯ ಪ್ರಜೆಗಳದ್ದಾದ ಮೇಲೆ, 1951-52ರ ಮೊದಲ ಮಹಾ ಚುನಾವಣೆಯಲ್ಲಿ.

ಹಾಗಾದರೆ ರಾಜಕೀಯದ ಅರ್ಥ ಯಾವ ಕಾಲಕ್ಕೂ ನಿಘಂಟಿನಲ್ಲಿ ಸುಮ್ಮನೆ ಮಲಗಿದ್ದ ಅರ್ಥವಲ್ಲ. ಯಾರನ್ನು ಒಳಗೆ ಬಿಟ್ಟುಕೊಳ್ಳಬೇಕು, ಯಾರನ್ನು ಹೊರಗಿಡಬೇಕು ಎಂಬ ಜಗಳವೇ ಆ ಅರ್ಥದ ಜಗಳ. ನಮ್ಮ ವಾದದ ಮೊದಲ ಮಾತು ಇದು.

ಪಂಡಿತರ ಅರ್ಥಗಳು

ಶಾಲೆಯಲ್ಲಿ ಪೌರನೀತಿ ಪಾಠ ಹೇಳಿದವರು ನಾವು. ರಾಜ್ಯ, ಸರ್ಕಾರ, ಶಾಸಕಾಂಗ, ಕಾರ್ಯಾಂಗ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇವೆ. ಆ ಪಾಠದ ಪ್ರಕಾರ ರಾಜಕೀಯವೆಂದರೆ ಸರ್ಕಾರದ ಕೆಲಸ, ವಿಧಾನಸೌಧದಲ್ಲಿ ನಡೆಯುವಂಥದು. ಪಾಠ ಒಪ್ಪಿಸಿದ ಮಗು ಮನೆಗೆ ಹೋಗಿ, ತಂದೆಗೆ ಈ ವಾರ ಕೂಲಿ ಏಕೆ ಕಡಿಮೆ ಬಂತು ಎಂದು ಕೇಳಿದರೆ ಅದಕ್ಕೆ ಆ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಜರ್ಮನಿಯ ಮ್ಯಾಕ್ಸ್ ವೇಬರ್ 1919ರಲ್ಲಿ ಮ್ಯೂನಿಕ್ ನಗರದ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದಲ್ಲಿ, ಅಧಿಕಾರದಲ್ಲಿ ಪಾಲು ಪಡೆಯುವ ಹೆಣಗಾಟವೇ ರಾಜಕೀಯ ಎಂಬ ಅರ್ಥ ಕೊಟ್ಟರು. ರಾಜಕೀಯಕ್ಕಾಗಿ ಬಾಳುವವರು ಒಂದು ಬಗೆ, ರಾಜಕೀಯದಿಂದ ಹೊಟ್ಟೆ ಹೊರೆಯುವವರು ಇನ್ನೊಂದು ಬಗೆ ಎಂದೂ ವಿಂಗಡಿಸಿದರು. ಎರಡನೆಯ ಬಗೆಯವರನ್ನು ಪರಿಚಯ ಮಾಡಿಕೊಡಲು ನಮ್ಮ ಓದುಗರಿಗೆ ಜರ್ಮನಿಯ ಪಂಡಿತರು ಬೇಕಾಗಿಲ್ಲ. ಅಮೆರಿಕದ ಹೆರಾಲ್ಡ್ ಲಾಸ್‌ವೆಲ್ ಎಂಬ ವಿದ್ವಾಂಸರು 1936ರಲ್ಲಿ ಇನ್ನೂ ನೇರವಾದ ಅರ್ಥ ಹೇಳಿದರು: ಯಾರಿಗೆ ಏನು ದಕ್ಕುತ್ತದೆ, ಯಾವಾಗ, ಹೇಗೆ ಎಂಬುದೇ ರಾಜಕೀಯ. ಇದು ಸಂತೆಯ ಭಾಷೆ. ಅಂಗಡಿಯವರಿಗೆ ಕೂಡಲೇ ತಿಳಿಯುತ್ತದೆ.

ಆದರೂ ನಮಗೆ ಇದಿಷ್ಟೇ ಸಾಲದು. ಯಾರಿಗೆ ಏನು ದಕ್ಕುತ್ತದೆ ಎಂದು ಹೇಳಿದರೆ ನಾವು ಕೈಯೊಡ್ಡಿ ನಿಂತವರು, ಹಂಚುವವರು ಬೇರೆ ಯಾರೋ ಎಂಬಂತಾಗುತ್ತದೆ. ಹಂಚುವ ಕೈ ಯಾವುದು? ಅಳತೆಯ ಪಾತ್ರೆ ಯಾರದು? ಈ ಪ್ರಶ್ನೆ ಕೇಳಿದ ಮೇಲೆಯೇ ರಾಜಕೀಯ ಆರಂಭ.

ಕಾಗೋಡಿನ ಕೊಳಗ

ಅಳತೆಯ ಪಾತ್ರೆ ಎಂದು ನಾವು ಅಲಂಕಾರಕ್ಕೆ ಹೇಳಲಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ನಿಜವಾಗಿಯೂ ಒಂದು ಪಾತ್ರೆಯಿಂದ ಜಗಳ ಹುಟ್ಟಿತು. ಗೇಣಿ ಭತ್ತವನ್ನು ಅಳೆಯಲು ಒಡೆಯರು ಬಳಸುತ್ತಿದ್ದ ಕೊಳಗ, ಸರಿಯಾದ ಅಳತೆಗಿಂತ ದೊಡ್ಡದು. ಕೊಳಗದ ಲೆಕ್ಕ ಅಷ್ಟೇ ಇರುತ್ತಿತ್ತು, ಭತ್ತ ಮಾತ್ರ ಹೆಚ್ಚು ಹೋಗುತ್ತಿತ್ತು. ತಲೆತಲಾಂತರದಿಂದ ಅದನ್ನು ಪದ್ಧತಿ ಎಂದು ಕರೆಯುತ್ತಿದ್ದರು. ಪದ್ಧತಿಯಲ್ಲಿ ರಾಜಕೀಯವೆಲ್ಲಿಂದ ಬಂತು?

ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘ ಕಟ್ಟಿ ನಿಲ್ಲಿಸಿದ ದಿನ ಬಂತು. ಅಳತೆ ಸರಿಯಿರಬೇಕು ಎಂದರು, ಅಷ್ಟೇ. ಒಡೆಯರು ಉಳುವ ಭೂಮಿಯನ್ನೇ ಬಿಡಿಸಲು ಹೊರಟರು. 1951ರಲ್ಲಿ ಸತ್ಯಾಗ್ರಹ ನಡೆಯಿತು. ಸಮಾಜವಾದಿಗಳು ಬೆನ್ನಿಗೆ ನಿಂತರು. ಡಾ. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ನೇಗಿಲು ಹಿಡಿದವರು ಸೆರೆಮನೆ ತುಂಬಿದರು. ಆಗ ಒಡೆಯರೂ ಅಧಿಕಾರಿಗಳೂ ಏನೆಂದಿರಬೇಕು? “ಹೊರಗಿನವರು ಬಂದು ಹಳ್ಳಿಯಲ್ಲಿ ರಾಜಕೀಯ ತಂದರು” ಎಂಬ ಮಾತು ಇಂಥ ಎಲ್ಲ ಕಡೆಯೂ ಎದ್ದೇ ಏಳುತ್ತದೆ. ದೊಡ್ಡ ಕೊಳಗ ಪದ್ಧತಿ, ಸರಿಯಾದ ಕೊಳಗ ರಾಜಕೀಯ!

ಮುಂದೇನಾಯಿತು ನೋಡಿ. 1952ರ ಚುನಾವಣೆಯಲ್ಲಿ ಅದೇ ಸೀಮೆಯ ಜನ ಶಾಂತವೇರಿ ಗೋಪಾಲಗೌಡರನ್ನು ಶಾಸನ ಸಭೆಗೆ ಕಳುಹಿಸಿದರು. ಕೈಯಲ್ಲಿ ಕಾಸಿಲ್ಲದ ಸಮಾಜವಾದಿ ಅವರು. ಭೂಮಿಯ ಪ್ರಶ್ನೆ ಗದ್ದೆಯ ಬದುವಿನಿಂದ ಸಭೆಯ ಮೇಜಿನ ಮೇಲೆ ಬಂತು. 1961ರಲ್ಲಿ ಭೂಸುಧಾರಣಾ ಕಾನೂನು ಆಯಿತು. ಅದರ ಹಲ್ಲುಗಳು ಮೊಂಡಾಗಿದ್ದವು. ದೇವರಾಜ ಅರಸರ ಸರ್ಕಾರ 1974ರಲ್ಲಿ ಅದನ್ನು ತಿದ್ದಿತು, ಗೇಣಿ ಪದ್ಧತಿಯನ್ನೇ ರದ್ದು ಮಾಡಿತು, ಉಳುವವನು ಒಡೆಯನಾಗಲು ಭೂನ್ಯಾಯಮಂಡಲಿಗಳು ಬಂದವು. ಒಂದು ಕೊಳಗದಿಂದ ಹೊರಟ ದಾರಿ ಇಪ್ಪತ್ತಮೂರು ವರ್ಷ ನಡೆದು ಕಾನೂನಿಗೆ ಮುಟ್ಟಿತು. ಈ ದಾರಿಯಲ್ಲಿ ರಾಜಕೀಯವಿದ್ದದ್ದು ಯಾವ ತುಂಡಿನಲ್ಲಿ? ಸಂಘದಲ್ಲೇ? ಸೆರೆಮನೆಯಲ್ಲೇ? ಮತಪೆಟ್ಟಿಗೆಯಲ್ಲೇ? ಶಾಸನ ಸಭೆಯಲ್ಲೇ? ಇಡೀ ದಾರಿಯೇ ರಾಜಕೀಯ ಎಂದು ನಾವು ಹೇಳುತ್ತೇವೆ. ಮತ, ಸೆರೆಮನೆ, ಗುದ್ದಲಿ ಮೂರನ್ನೂ ಲೋಹಿಯಾ ಒಟ್ಟಿಗೆ ಇಟ್ಟದ್ದು ಇದೇ ಕಾರಣಕ್ಕೆ. ಮೂರರಲ್ಲಿ ಒಂದನ್ನೇ ಹಿಡಿದು ಇದೇ ರಾಜಕೀಯ ಎಂದವರು ಮಿಕ್ಕೆರಡನ್ನು ಜನರ ಕೈಯಿಂದ ಕಿತ್ತುಕೊಂಡಂತೆ.

ಇನ್ನೊಂದು ಪಾಠವೂ ಇಲ್ಲಿದೆ. ಗಳಿಸಿದ್ದು ತಾನಾಗಿ ಉಳಿಯುವುದಿಲ್ಲ. ಬೇಸಾಯಗಾರರಲ್ಲದವರು ಹೊಲ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಅದನ್ನು ತೆಗೆದವರು ರಾಜಕೀಯ ಎನ್ನಲಿಲ್ಲ, ಅಭಿವೃದ್ಧಿ ಎಂದರು.

ಯಾವುದು ಲೆಕ್ಕಾಚಾರ, ಯಾವುದು ರಾಜಕೀಯ

ಈಗ ನಮ್ಮ ಮನೆಯ ಮುಂದಿನ ಮಾತಿಗೆ ಬರೋಣ. ದಾವಣಗೆರೆ 1997ರವರೆಗೆ ನಮ್ಮ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಊರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಅದನ್ನು ಕರೆಯುತ್ತಿದ್ದರು. ಹತ್ತಿ ಗಿರಣಿಗಳ ಸೈರನ್ ಕೇಳಿ ಊರು ಏಳುತ್ತಿತ್ತು, ಮಲಗುತ್ತಿತ್ತು. ಗಿರಣಿ ಕೆಲಸಗಾರರು ಸಂಘ ಕಟ್ಟಿ, ತಮ್ಮ ಮುಂದಾಳು ಪಂಪಾಪತಿಯವರನ್ನು 1978, 1983, 1985ರಲ್ಲಿ ಮೂರು ಬಾರಿ ವಿಧಾನಸಭೆಗೆ ಕಳುಹಿಸಿದರು. ಅವರು ಕಮ್ಯುನಿಸ್ಟರು. ಅವರ ಪಕ್ಷಕ್ಕೂ ಸಮಾಜವಾದಿಗಳಿಗೂ ವಾದವಿದ್ದೇ ಇತ್ತು. ಆದರೂ ಕೆಲಸಗಾರರು ತಮ್ಮವನನ್ನು ತಾವೇ ಆರಿಸಿ ಕಳುಹಿಸಿದ ಆ ಕೆಲಸಕ್ಕೆ ನಾವು ಕೈಮುಗಿಯುತ್ತೇವೆ.

ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಯಂತ್ರ ಹಳೆಯದಾಯಿತು, ಹೊಸದಕ್ಕೆ ಬಂಡವಾಳ ಹಾಕಲಿಲ್ಲ, ಮಾರುಕಟ್ಟೆ ಬದಲಾಯಿತು ಎಂದು ಕಾರಣ ಹೇಳಿದರು. ಕಾರಣಗಳಲ್ಲಿ ನಿಜವೂ ಇದ್ದೀತು. ನಾವು ಕೇಳುವುದು ಇಷ್ಟೇ: ಬಾಗಿಲು ಹಾಕುವಾಗ ಅದು ಲೆಕ್ಕಾಚಾರ, ಬಾಗಿಲು ತೆಗೆಯಿರಿ ಎಂದು ಕೆಲಸಗಾರರು ಕೂಗಿದಾಗ ಅದು ರಾಜಕೀಯ! ಇದು ಯಾವ ನ್ಯಾಯ? ಗಿರಣಿ ಮುಚ್ಚಿದ ದಿನ ಕೆಲಸಗಾರನ ಒಲೆಯೊಂದೇ ಆರಲಿಲ್ಲ. ಅವನಿಗೆ ತಿಂಗಳ ಬಾಕಿಯಲ್ಲಿ ಅಕ್ಕಿ ಬೇಳೆ ಕೊಡುತ್ತಿದ್ದ ಕಿರಾಣಿ ಅಂಗಡಿಯವರ ಖಾತೆ ಪುಸ್ತಕವೂ ಮುಳುಗಿತು. ಬೀಡಿ ಅಂಗಡಿ, ಮಂಡಕ್ಕಿ ಮೆಣಸಿನಕಾಯಿಯ ಅಂಗಡಿ, ಸೈಕಲ್ ರಿಪೇರಿಯವರು, ಎಲ್ಲರ ಮೇಲೂ ಏಟು ಬಿತ್ತು. ನಮ್ಮ ಹಿರಿಯೂರಿನ ವಾಣಿವಿಲಾಸ ಸಹಕಾರಿ ಸಕ್ಕರೆ ಕಾರ್ಖಾನೆ ಮುಚ್ಚಿದ ಮೇಲೂ ಸುತ್ತಲಿನ ಕಬ್ಬಿನವರಿಗೂ ಪೇಟೆಗೂ ಇದೇ ಪಾಡು ಬಂತು.

ಕೆಲಸದ ಗಂಟೆಯ ಮಾತನ್ನೇ ತೆಗೆದುಕೊಳ್ಳಿ. 1948ರ ಕಾರ್ಖಾನೆ ಕಾನೂನು ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಆ ಮಿತಿ ದೇಶದೇಶಗಳ ಕೆಲಸಗಾರರ ರಕ್ತದಿಂದ ಬಂದದ್ದು. 2023ರಲ್ಲಿ ಕರ್ನಾಟಕ ಅದಕ್ಕೆ ತಿದ್ದುಪಡಿ ತಂದು, ವಾರದ 48 ಗಂಟೆಯನ್ನು ಹಾಗೆಯೇ ಇಟ್ಟು, ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡಿತು. ಕೆಲಸಗಾರನ ಲಿಖಿತ ಒಪ್ಪಿಗೆ ಬೇಕಂತೆ! ಗೇಟಿನ ಮುಂದೆ ಕೆಲಸಕ್ಕಾಗಿ ಕಾದು ನಿಂತವನು ಒಪ್ಪಿಗೆ ಕೊಡದೆ ಎಲ್ಲಿಗೆ ಹೋದಾನು? ಇನ್ನು ಕೇಂದ್ರ ಸರ್ಕಾರ 29 ಕಾರ್ಮಿಕ ಕಾನೂನುಗಳನ್ನು ನಾಲ್ಕು ಸಂಹಿತೆಗಳೊಳಗೆ ಸುತ್ತಿ 2025ರ ನವೆಂಬರ್ 21ರಿಂದ ಜಾರಿಗೆ ತಂದಿತು. ಮೊದಲು 100 ಜನ ಕೆಲಸಗಾರರಿರುವ ಕಾರ್ಖಾನೆ ಮುಚ್ಚಲು ಸರ್ಕಾರದ ಅನುಮತಿ ಬೇಕಿತ್ತು. ಈಗ 300 ಜನ ಇದ್ದರೆ ಮಾತ್ರ ಬೇಕು. ನಮ್ಮ ಜಿಲ್ಲೆಯಂಥ ಕಡೆ 300 ಜನರಿರುವ ಕಾರ್ಖಾನೆ ಎಷ್ಟಿವೆ ಎಂದು ಓದುಗರೇ ಬೆರಳು ಮಡಿಸಿ ಎಣಿಸಲಿ. ಈ ಕಾನೂನು ಬರೆದವರು ರಾಜಕೀಯ ಮಾಡಿದರು. ಅದನ್ನು ಓದಿಯೂ ಸುಮ್ಮನಿದ್ದವರು ಅದೇ ರಾಜಕೀಯಕ್ಕೆ ಹೂಂಗುಟ್ಟಿದರು.

ಅಂಗಡಿಯವರಿಗೊಂದು ಮಾತು

“ಇದೆಲ್ಲ ಕೆಲಸಗಾರರ ಗೋಳು, ವ್ಯಾಪಾರಸ್ಥರಿಗೆ ಎಲ್ಲ ಪಕ್ಷದವರೂ ಗಿರಾಕಿಗಳೇ, ನಮಗೆ ರಾಜಕೀಯ ಸಲ್ಲದು” ಎನ್ನುವ ಅಂಗಡಿಯ ಸ್ನೇಹಿತರಿದ್ದಾರೆ. ಅವರಿಗೆ 2025ರ ಜುಲೈ ತಿಂಗಳನ್ನು ನೆನಪಿಸುತ್ತೇವೆ. ಫೋನಿನ ಮೂಲಕ ಬಂದ ಹಣದ ಲೆಕ್ಕ ಹಿಡಿದು, ವಾಣಿಜ್ಯ ತೆರಿಗೆ ಇಲಾಖೆಯವರು ಸಾವಿರಾರು ಚಿಲ್ಲರೆ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟೀಸು ಕಳುಹಿಸಿದರು. ಹಾಲು ತರಕಾರಿ ಮಾರುವವರಿಗೂ ಹಲವು ವರ್ಷಗಳ ಬಾಕಿಯ ಬೆದರಿಕೆ ಬಂತು. ಹಾಲಿಗೂ ತರಕಾರಿಗೂ ತೆರಿಗೆಯೇ ಇಲ್ಲವೆಂಬುದು ನೋಟೀಸು ಬರೆದ ಯಂತ್ರಕ್ಕೆ ತಿಳಿಯಲಿಲ್ಲ. ಬೆಂಗಳೂರಿನ ಬೀದಿಬೀದಿಗಳಲ್ಲಿ ಅಂಗಡಿಯವರು ಕ್ಯೂಆರ್ ಚೀಟಿ ಕಿತ್ತು “ನಗದು ಮಾತ್ರ” ಎಂದು ಬರೆದರು, ಒಟ್ಟಾದರು, ಬಂದ್ ಮಾಡುತ್ತೇವೆಂದರು. ಆಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆದು ಕೂಡಿಸಿಕೊಂಡು ಮಾತನಾಡಿದರು, ಹಳೆಯ ಬಾಕಿಯ ವಸೂಲಿ ಕೈಬಿಡುವ ಭರವಸೆ ಕೊಟ್ಟರು.

ಸ್ನೇಹಿತರೇ, ಚೀಟಿ ಕಿತ್ತ ಆ ಕೈ ಮಾಡಿದ ಕೆಲಸಕ್ಕೆ ಹೆಸರೇನು? ಅಂದು ನೀವು ಯಾವ ಪಕ್ಷದ ಬಾವುಟವನ್ನೂ ಹಿಡಿದಿರಲಿಲ್ಲ, ಯಾವ ಮುಖಂಡನಿಗೂ ಜೈಕಾರ ಹಾಕಿರಲಿಲ್ಲ. ಆದರೂ ಅದು ಅಪ್ಪಟ ರಾಜಕೀಯ. ಒಬ್ಬೊಬ್ಬರೇ ಹೋಗಿ ಕಚೇರಿಯ ಮೆಟ್ಟಿಲ ಬಳಿ ನಿಂತಿದ್ದರೆ “ನಾಳೆ ಬಾ” ಎನ್ನುತ್ತಿದ್ದರು. ಒಟ್ಟಾಗಿ ನಿಂತಾಗ ಸರ್ಕಾರವೇ ಕುರ್ಚಿ ಹಾಕಿ ಕೂಡಿಸಿತು.

ನೀರಿನ ವಿಷಯವೂ ಹೀಗೆಯೇ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ವಾಣಿವಿಲಾಸ ಸಾಗರ 1933ರಲ್ಲೊಮ್ಮೆ ತುಂಬಿ, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಅಷ್ಟು ಕಾಲವೂ ಬರ ದೇವರ ಇಚ್ಛೆ ಎಂದುಕೊಂಡೇ ನಮ್ಮ ತಾಲ್ಲೂಕುಗಳ ಜನ ಗುಳೆ ಹೋದರು. ಮಳೆ ದೇವರದಿರಬಹುದು. ಆದರೆ ನದಿಯ ನೀರು ಯಾವ ಕಡೆ ಹರಿಯಬೇಕೆಂಬ ನಿಶ್ಚಯ ಮನುಷ್ಯರದು. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 29.9 ಟಿಎಂಸಿ ನೀರು, ಸುಮಾರು 2.25 ಲಕ್ಷ ಹೆಕ್ಟೇರು ಹೊಲ, 367 ಕೆರೆಗಳು ಸೇರಿವೆ. ಜಿಲ್ಲೆಯ ರೈತರು ವರ್ಷಗಟ್ಟಲೆ ಧರಣಿ ಕುಳಿತು, ಬಂದ್ ಮಾಡಿ ಕೇಳಿದ ನೀರು ಇದು. 2023ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಎಂದು ಘೋಷಿಸಿದರು. ಆಮೇಲೆ ಹಣ ಬರಲಿಲ್ಲವೆಂದು ರಾಜ್ಯದವರು ದೂರುತ್ತ ಬಂದರು, ರಾಜ್ಯದ ತಪ್ಪೆಂದು ಕೇಂದ್ರದ ಕಡೆಯವರು ಹೇಳುತ್ತ ಬಂದರು. ಇಬ್ಬರೂ ಒಬ್ಬರನ್ನೊಬ್ಬರು “ರಾಜಕೀಯ ಮಾಡುತ್ತಿದ್ದಾರೆ” ಎಂದೇ ಬೈದುಕೊಂಡರು. ಇಬ್ಬರ ಜಗಳದಲ್ಲಿ ಒಣಗಿದ್ದು ನಮ್ಮ ಹೊಳಲ್ಕೆರೆ, ಹೊಸದುರ್ಗಗಳ ಅಡಿಕೆ ತೋಟ.

ಮತ ಹಾಕಿದರೆ ಮುಗಿಯಿತೇ?

ಐದು ವರ್ಷಕ್ಕೊಮ್ಮೆ ಬೆರಳಿಗೆ ಶಾಯಿ ಹಚ್ಚಿಸಿಕೊಂಡರೆ ರಾಜಕೀಯ ಮುಗಿಯಿತು ಎಂದು ನಂಬಿದವರೂ ಇದ್ದಾರೆ. ಮತವನ್ನು ನಾವು ಹಗುರ ಮಾಡುವುದಿಲ್ಲ. ಅದು ಜನ ಹೋರಾಡಿ ಪಡೆದ ಸ್ವತ್ತು. ಆದರೆ ಮತವೊಂದೇ ರಾಜಕೀಯವೆಂಬ ಅರ್ಥ ಎಷ್ಟು ಕುಂಟು ಎಂಬುದಕ್ಕೆ ನಮ್ಮ ಲೋಕಸಭಾ ಕ್ಷೇತ್ರವೇ ಸಾಕ್ಷಿ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಸಂಸದರಾಗಿದ್ದ ಎ. ನಾರಾಯಣಸ್ವಾಮಿಯವರು ಪಾವಗಡ ತಾಲ್ಲೂಕಿನ ಒಂದು ಹಟ್ಟಿಗೆ ಹೋದಾಗ, ಅವರು ದಲಿತರೆಂಬ ಕಾರಣಕ್ಕೆ ಒಳಗೆ ಬರಬಾರದೆಂದು ತಡೆದರು. ಅವರ ಪಕ್ಷ ಬೇರೆ, ನಮ್ಮ ಪಕ್ಷ ಬೇರೆ. ಅದು ಈಗ ಮುಖ್ಯವಲ್ಲ. ಲಕ್ಷಾಂತರ ಮತ ಪಡೆದು ಸಂಸತ್ತಿನ ಬಾಗಿಲು ದಾಟಿದವರಿಗೆ ತಮ್ಮದೇ ಕ್ಷೇತ್ರದ ಹಟ್ಟಿಯ ಬಾಗಿಲು ತೆರೆಯಲಿಲ್ಲ. ಮತಪೆಟ್ಟಿಗೆ ಬದಲಾಯಿಸಲಾಗದ ಸಂಗತಿಯೊಂದು ಹಟ್ಟಿಯ ಬಾಗಿಲಲ್ಲಿ ಕುಳಿತಿತ್ತು. ಅದನ್ನು ಸಂಪ್ರದಾಯವೆಂದರು, ಕೊಳಗವನ್ನು ಪದ್ಧತಿ ಎಂದಂತೆಯೇ. ಜಾತಿಯ ಹೆಸರಿನಲ್ಲಿ ಹೊರಗಿಟ್ಟರೆ ಅದು ಸಂಪ್ರದಾಯ, ಹೊರಗಿಟ್ಟವರು ಪಾಲು ಕೇಳಿದರೆ ಅದು ಜಾತಿ ರಾಜಕೀಯ!

ಮತಕ್ಕಾದರೂ ಗೌರವ ಕೊಡುತ್ತಾರೆಯೇ? ಹಳ್ಳಿಯ ಅಧಿಕಾರ ಹಳ್ಳಿಯಲ್ಲಿರಬೇಕೆಂದು ಅಬ್ದುಲ್ ನಜೀರ್ ಸಾಬರು ಪಂಚಾಯ್ತಿ ವ್ಯವಸ್ಥೆಯನ್ನು ಕಟ್ಟಿದರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿಗಳು ಬಂದು, ಹೆಂಗಸರಿಗೆ ನಾಲ್ಕರಲ್ಲೊಂದು ಜಾಗ ಸಿಕ್ಕಿತು. 1993ರಲ್ಲಿ ಪಂಚಾಯ್ತಿಗಳು ಸಂವಿಧಾನದೊಳಗೇ ಸೇರಿದವು. ಅಂಥ ರಾಜ್ಯದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯನ್ನೇ ನಡೆಸಲಿಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ ಎಂದು ಒಂದಲ್ಲ ಒಂದು ನೆವ. ಒಂದು ಪಕ್ಷದ ಸರ್ಕಾರ ಹೋಗಿ ಇನ್ನೊಂದು ಪಕ್ಷದ ಸರ್ಕಾರ ಬಂದರೂ ನೆವ ಮಾತ್ರ ಬದಲಾಗಲಿಲ್ಲ. ಆರಿಸಿ ಬಂದವರು ಕೂಡಬೇಕಾದ ಕುರ್ಚಿಯಲ್ಲಿ ಆಡಳಿತಾಧಿಕಾರಿಗಳು ಕುಳಿತರು. ರಾಜಕೀಯ ಬೇಡ ಬೇಡವೆಂದು ನಾವು ಹೇಳುತ್ತ ಕುಳಿತದ್ದಕ್ಕೆ ಅವರು “ಆಗಲಿ” ಎಂದು ಅದನ್ನೇ ತೆಗೆದುಬಿಟ್ಟರು ನೋಡಿ!

ಹೊಲಸು ಎಂಬ ಮಾತು

ಕೊನೆಗೆ ಉಳಿಯುವುದು ಒಂದೇ ಆಕ್ಷೇಪ: ರಾಜಕೀಯ ಹೊಲಸು, ಮರ್ಯಾದಸ್ಥರ ಜಾಗವಲ್ಲ. ಹೊಲಸಿದೆ. ಹಣ ಹಂಚುವವರಿದ್ದಾರೆ, ಹಣ ತಿಂದು ಪಕ್ಷ ಹಾರುವವರಿದ್ದಾರೆ, ಜಾತಿ ಲೆಕ್ಕ ಹಾಕಿ ಟಿಕೇಟು ಮಾರುವವರಿದ್ದಾರೆ. ನಾವು ಯಾರನ್ನೂ ವಹಿಸಿಕೊಂಡು ಮಾತನಾಡುತ್ತಿಲ್ಲ. ಆದರೆ ಊರ ಬಾವಿಗೆ ಕಸ ಬಿದ್ದರೆ ಊರವರು ಇಳಿದು ಎತ್ತುತ್ತಾರೆಯೇ ಹೊರತು ಬಾವಿಯನ್ನೇ ಕಸ ಹಾಕಿದವನಿಗೆ ಬರೆದುಕೊಟ್ಟು ಬರುವುದಿಲ್ಲ. ಮರ್ಯಾದಸ್ಥರು ದೂರ ನಿಂತಷ್ಟೂ ಮರ್ಯಾದೆಗೆಟ್ಟವರಿಗೆ ಜಾಗ ಅಗಲವಾಗುತ್ತದೆ.

ನಮ್ಮ ತುರುವನೂರನ್ನು ನೆನಪು ಮಾಡಿಕೊಳ್ಳಿ. 1939ರಲ್ಲಿ ಅಲ್ಲಿ ಸತ್ಯಾಗ್ರಹಿಗಳು ಕೊಡಲಿ ಹಿಡಿದು ಹೆಂಡ ಇಳಿಸುವ ಈಚಲು ಮರ ಕಡಿದರು, ಅರಣ್ಯ ಕಾನೂನು ಮುರಿದರು, ಸೆರೆಮನೆಗೆ ಹೋದರು. ಎಸ್. ನಿಜಲಿಂಗಪ್ಪನವರು ಆ ಹೋರಾಟದ ಮುಂದಾಳು. ಅವರು 1956ರಲ್ಲಿ ಮುಖ್ಯಮಂತ್ರಿಗಳಾದರು, 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. ಅವರ ಕುರ್ಚಿಯ ಕಾಲದ ನೀತಿಗಳ ಮೇಲೆ ಸಮಾಜವಾದಿಗಳು ಸದನದಲ್ಲೂ ಬೀದಿಯಲ್ಲೂ ಹೋರಾಡಿದ್ದಾರೆ. ಆದರೂ ಕೇಳುತ್ತೇವೆ: ಅವರು ರಾಜಕೀಯ ಮಾಡಿದ್ದು ಕುರ್ಚಿಯಲ್ಲಿ ಮಾತ್ರವೋ, ಕೊಡಲಿ ಹಿಡಿದ ದಿನವೂ ಮಾಡಿದರೋ? ಆ ಹೋರಾಟದಲ್ಲಿ ಮರ ಕಡಿದ ಹೆಸರಿಲ್ಲದ ನೂರಾರು ಜನ ಯಾವ ಕುರ್ಚಿಯನ್ನೂ ಕಾಣಲಿಲ್ಲ. ಅವರನ್ನು ರಾಜಕೀಯದವರಲ್ಲ ಎನ್ನುವ ಅರ್ಥ ಯಾವುದೇ ಇರಲಿ, ಅದು ನಮಗೆ ಬೇಡ.

ನಮ್ಮ ಅರ್ಥ ಇದು. ಎಲ್ಲರಿಗೂ ಸೇರಿದ ನೀರು, ಭೂಮಿ, ಕೂಲಿ, ತೆರಿಗೆ, ದುಡಿಮೆಯ ಗಂಟೆ, ಮರ್ಯಾದೆ, ಇವುಗಳ ಅಳತೆಯನ್ನು ಯಾರು ನಿಶ್ಚಯಿಸಬೇಕೆಂಬ ಜಗಳಕ್ಕೆ ರಾಜಕೀಯವೆಂದು ಹೆಸರು. ಈ ಅಳತೆಯನ್ನು ಕೆಲವರೇ ನಿಶ್ಚಯಿಸಿ ಮಿಕ್ಕವರು ಒಪ್ಪಿಕೊಂಡರೆ ಅದಕ್ಕೆ ಪದ್ಧತಿ, ಸಂಪ್ರದಾಯ, ಲೆಕ್ಕಾಚಾರ, ಅಭಿವೃದ್ಧಿ ಎಂದು ಹೆಸರಿಡುತ್ತಾರೆ. ಮಿಕ್ಕವರು ಕೊಳಗಕ್ಕೆ ಕೈಹಾಕಿದ ದಿನ ಮಾತ್ರ ಅವರಿಗೆ ರಾಜಕೀಯ ಕಾಣಿಸುತ್ತದೆ. ಆದ್ದರಿಂದ “ಇದರಲ್ಲಿ ರಾಜಕೀಯ ಬೇಡ” ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ, ಹೇಳಿದವರ ಕೈಯಲ್ಲಿ ಯಾವ ಕೊಳಗವಿದೆ ಎಂದು ಮೊದಲು ನೋಡಿ.

ಕೆಲಸ ದೂರದಲ್ಲಿಲ್ಲ. ಗ್ರಾಮಸಭೆಯನ್ನು ಆರು ತಿಂಗಳಿಗೊಮ್ಮೆಯಾದರೂ ಕರೆಯಬೇಕೆಂದು ಕಾನೂನಿದೆ. ರಾಮಗಿರಿಯಲ್ಲಿರಲಿ, ನಿಮ್ಮ ಊರಿನಲ್ಲಿರಲಿ, ಅದನ್ನು ಕರೆದರೇ, ಯಾರು ಸಹಿ ಹಾಕಿದರು, ಸಂತೆ ಸುಂಕ ಎಷ್ಟಕ್ಕೆ ಹರಾಜಾಯಿತು, ಹಣ ಎಲ್ಲಿ ಹೋಯಿತು ಎಂದು ಹೋಗಿ ಕೇಳಿ. ಗಿರಣಿಯಲ್ಲಿ 12 ಗಂಟೆಯ ಒಪ್ಪಿಗೆ ಪತ್ರ ಮುಂದೆ ಬಂದರೆ ಒಬ್ಬರೇ ಸಹಿ ಹಾಕಬೇಡಿ, ಸಂಘದಲ್ಲಿಟ್ಟು ಓದಿಸಿ. ಅಂಗಡಿಯವರು ಕೆಲಸಗಾರರ ಸಭೆಗೆ ಬನ್ನಿ, ಕೆಲಸಗಾರರು ಅಂಗಡಿಯವರ ಸಭೆಗೆ ಹೋಗಿ, ಇಬ್ಬರ ಖಾತೆಯೂ ಒಂದೇ ಪುಸ್ತಕದಲ್ಲಿದೆ. ನಿಂತುಹೋದ ಪಂಚಾಯ್ತಿ ಚುನಾವಣೆಗಳನ್ನು ನಡೆಸಿ ಎಂದು ಅರ್ಜಿ ಬರೆದು, ನೂರು ಸಹಿ ಹಾಕಿಸಿ, ತಾಲ್ಲೂಕು ಕಚೇರಿಯ ಮುಂದೆ ಒಟ್ಟಾಗಿ ಹೋಗಿ ಕೊಡಿ. ಅಧಿಕಾರಿಗಳು “ಇದೇನು, ರಾಜಕೀಯ ಮಾಡಲು ಬಂದಿರೋ?” ಎಂದು ಕೇಳುತ್ತಾರೆ.

“ಹೌದು ಸ್ವಾಮಿ, ಅದಕ್ಕೇ ಬಂದಿದ್ದೇವೆ” ಎನ್ನಿ.